ಜನ ಹೇಗೆ ಅಂತ ಕೇಳಿದೆಯಲ್ಲ, ದನದ ಗೌಡ್ರ ಬಗ್ಗೆ ಹೇಳ್ತೀನಿ

ತಂಗೀ,

ನಿನ್ನ ಪತ್ರ ಓದಿದೆ. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೆ? ನಿಮ್ಮ ಮನೆಯವರಿಗೆ ಡೆಟ್ರಾಯಿಟ್‌ನಲ್ಲಿ ಡಾಕ್ಟರ್ ತರಬೇತಿ, ಅಂದರೆ ರೆಸಿಡೆನ್ಸಿ, ಮುಗಿಯುತ್ತಿದೆ. ತರಬೇತಿ ಮುಗಿದ ಮೇಲೆ ದೇಶಕ್ಕೆ ವಾಪಸ್ ಹೋಗಬೇಕೆನ್ನುವ ಜೆ-1 ವೀಸಾದ ನಿಯಮದಿಂದ ವಿನಾಯಿತಿ, ಅಂದರೆ ವೇವರ್‌ಗಾಗಿ ಮೂರು ವರ್ಷ ಡಾಕ್ಟರ್‌ಗಳಿಲ್ಲದ ಕಡೆ ಕೆಲಸ ಮಾಡಬೇಕು. ಸಿಕ್ಕಿರುವುದು ನೆಬ್ರಾಸ್ಕಾದ ಸ್ಯಾಂಡ್‌ಹಿಲ್ಸ್. ನಾವೂ ಹಾಗೇ ಬಂದವರು, 1998ರಲ್ಲಿ. ಮೂರು ವರ್ಷ ಅಂತ ಬಂದು ಇಲ್ಲೇ ಉಳಿದೆವು.

ನೀನು ಕೇಳಿದ್ದು ಐದು ಪ್ರಶ್ನೆ. ಚಳಿ ಎಷ್ಟು? ದಿನಸಿ ಎಲ್ಲಿ ಸಿಗುತ್ತದೆ? ದೇವಸ್ಥಾನ ಇದೆಯಾ? ಮಾಂಸ ಮುಟ್ಟದ ನಾವು ದನ ಸಾಕಿ ಮಾರುವ ಊರಲ್ಲಿ ಇರುವುದು ಹೇಗೆ? ಕೊನೆಯದು, ಜನ ಹೇಗೆ?

ಮೊದಲ ಮೂರಕ್ಕೆ ಚುಟುಕಾಗಿ ಹೇಳಿಬಿಡುತ್ತೇನೆ. ಚಳಿ ಜಾಸ್ತಿ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವ ರಾತ್ರಿಗಳಿವೆ, ಸೆಲ್ಸಿಯಸ್ ಲೆಕ್ಕದಲ್ಲೇ. ಅದರ ಮೇಲೆ ಗಾಳಿ. ತೊಗರಿಬೇಳೆ, ಅಕ್ಕಿ, ಹುಣಸೆಹಣ್ಣು ಈಗ ಆನ್‌ಲೈನ್‌ನಲ್ಲಿ ಬಾಗಿಲಿಗೇ ಬರುತ್ತವೆ. ನಾವು ಬಂದಾಗ ಆರು ತಿಂಗಳಿಗೊಮ್ಮೆ ಮೂಟೆ ಕಟ್ಟಿಕೊಂಡು ಬರಬೇಕಿತ್ತು. ದೇವಸ್ಥಾನ ಒಮಾಹಾದಲ್ಲಿದೆ, ನಮ್ಮೂರಿನಿಂದ ಐದು ಗಂಟೆ ದಾರಿ. ಯುಗಾದಿಗೆ ಅಂತ ಹೊರಟು, ಹಿಮ ಬಿದ್ದು ಅರ್ಧ ದಾರಿಯಿಂದ ವಾಪಸ್ ಬಂದು ಮನೆಯಲ್ಲೇ ಬೇವು ಬೆಲ್ಲ ತಿಂದದ್ದೂ ಇದೆ. ಬೇವು ಅಂದೆ, ಒಣಗಿದ ಎಲೆ.

ಉಳಿದ ಎರಡಕ್ಕೆ ಹಾಗೆ ಒಂದು ಸಾಲಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಒಬ್ಬರ ಬಗ್ಗೆ ಹೇಳುತ್ತೇನೆ. 2019ರ ಮಾರ್ಚ್‌ನಲ್ಲಿ ತೀರಿಕೊಂಡರು, 87 ವರ್ಷ. ಊರಿನ ಪತ್ರಿಕೆಯಲ್ಲಿ ಬಂದದ್ದು ಇಷ್ಟೇ: ಇಂಥ ಕಡೆ ಹುಟ್ಟಿದರು, ಸೈನ್ಯದಲ್ಲಿದ್ದರು, ಕಷ್ಟಪಟ್ಟು ದುಡಿಯುವ, ದನ ಸಾಕುವ ರ‍್ಯಾಂಚರ್ ಆಗಿದ್ದರು, ಇಷ್ಟು ಜನ ಮೊಮ್ಮಕ್ಕಳು. ಇಲ್ಲಿ ಹೋದ ಪ್ರತಿ ಮುದುಕರ ಬಗ್ಗೆಯೂ ಹಾಗೇ ಬರೆಯುತ್ತಾರೆ. ಓದಿ ನನಗೆ ರೇಗಿಹೋಯಿತು. ಅಷ್ಟು ವರ್ಷದ ಬದುಕನ್ನು ಮದುವೆ ಕರೆಯೋಲೆಯ ಹಾಗೆ ಅಚ್ಚು ಹಾಕಿದ್ದರು.

ಅವರ ಹೆಸರು ಹೇಳುವುದಿಲ್ಲ, ಅವರಿಗೆ ಇಷ್ಟವಾಗುತ್ತಿರಲಿಲ್ಲ. ನಮ್ಮ ಅಮ್ಮ ಅವರಿಗೆ ಇಟ್ಟ ಹೆಸರು ದನದ ಗೌಡ್ರು. ಅದೇ ಸಾಕು.

ಮೊದಲು ಜಾಗದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಗೌಡ್ರು ಅರ್ಥವಾಗುವುದಿಲ್ಲ. ಸ್ಯಾಂಡ್‌ಹಿಲ್ಸ್ ಅಂದರೆ ಮರಳಿನ ಗುಡ್ಡಗಳೇ, ಮೇಲೆ ಹುಲ್ಲು ಹೊದ್ದುಕೊಂಡಿವೆ ಅಷ್ಟೆ. ಸುಮಾರು 50,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲು ಭಾಗ. ನೇಗಿಲು ಹಾಕಿ ಉತ್ತರೆ ಮರಳು ಗಾಳಿಗೆ ಎದ್ದು ಹೋಗುತ್ತದೆ. ಹಾಗಾಗಿ ದನ ಬಿಟ್ಟರೆ ಬೇರೆ ದಾರಿ ಇಲ್ಲ. ಕೆಳಗೆ ಒಗಲಾಲಾ ಅನ್ನುವ ಅಂತರ್ಜಲದ ದೊಡ್ಡ ಖಜಾನೆ. ಗಾಳಿಯಂತ್ರ ತಿರುಗಿ ನೀರೆತ್ತಿ ತೊಟ್ಟಿಗೆ ಬಿಡುತ್ತದೆ, ದನ ಬಂದು ಕುಡಿಯುತ್ತವೆ. ಒಂದು ಹಸುವಿಗೆ, ಅದರ ಕರುವಿಗೆ ವರ್ಷಕ್ಕೆ ಹದಿನೈದು ಇಪ್ಪತ್ತು ಎಕರೆ ಹುಲ್ಲುಗಾವಲು ಬೇಕು. ಅದಕ್ಕೇ ಮನೆಯಿಂದ ಮನೆಗೆ ಮೈಲಿಗಟ್ಟಲೆ ದೂರ. ಚೆರ್ರಿ ಕೌಂಟಿ ಅಂತ ಒಂದಿದೆ. ವಿಸ್ತಾರದಲ್ಲಿ ನಮ್ಮ ತುಮಕೂರು ಜಿಲ್ಲೆಯ ಒಂದೂವರೆ ಪಟ್ಟು, ಜನ ಐದೂವರೆ ಸಾವಿರ. ನಮ್ಮ ಕಡೆ ಒಂದು ಹೋಬಳಿ ಜಾತ್ರೆಗೆ ಅದಕ್ಕಿಂತ ಹೆಚ್ಚು ಸೇರುತ್ತಾರೆ.

ಗೌಡ್ರ ಅಜ್ಜ ಇಲ್ಲಿಗೆ ಬಂದದ್ದು 1904ರ ಕಿಂಕೇಡ್ ಕಾಯ್ದೆಯ ಹೊತ್ತಿಗೆ. ಇಲ್ಲಿ ಬಂದು ನೆಲೆಸಿದವರಿಗೆ ಸರ್ಕಾರ 640 ಎಕರೆ ಕೊಡುತ್ತಿತ್ತು. ಅದಕ್ಕೂ ಮೊದಲು ಆ ನೆಲ ಯಾರದಾಗಿತ್ತು ಅಂತ ನೀನು ಕೇಳಬಹುದು. ಉತ್ತರಕ್ಕೆ ರಾಜ್ಯದ ಗಡಿ ದಾಟಿದರೆ ರೋಸ್‌ಬಡ್, ಲಕೋಟಾ ಜನರ ಮೀಸಲು ಪ್ರದೇಶ. ಒಂದು ಸಲ ಹೋಗಿ ನೋಡು. ಇಲ್ಲಿನವರು ತಾವಾಗಿ ಆ ಮಾತು ಎತ್ತುವುದಿಲ್ಲ, ಗೌಡ್ರೂ ಎತ್ತಿದವರಲ್ಲ.

ಅವರು ಹುಟ್ಟಿದ್ದು 1931. 1949ರ ಜನವರಿಯಲ್ಲಿ ಇಲ್ಲಿ ದೊಡ್ಡ ಹಿಮಬಿರುಗಾಳಿ ಎದ್ದಿತು. 2ನೇ ತಾರೀಕು ಶುರುವಾಗಿ ಮೂರು ದಿನ ಬಿಡಲಿಲ್ಲ, ಆಮೇಲೂ ಬೀಳುತ್ತಲೇ ಇತ್ತು. ದನ ನಿಂತ ಜಾಗದಲ್ಲೇ ಹೂತುಹೋದವು. ತಿಂಗಳ ಕೊನೆಗೆ ಸೈನ್ಯ ಬುಲ್ಡೋಜರ್ ತಂದು ದಾರಿ ಬಿಡಿಸಿತು, ವಿಮಾನದಿಂದ ಹುಲ್ಲಿನ ಪೆಂಡಿ ಎಸೆದರು. ಹದಿನೇಳರ ಹುಡುಗ ಸೈನ್ಯವನ್ನು ಮೊದಲು ಕಂಡದ್ದು ಹಾಗೆ, ಮೇಲಿಂದ ಹುಲ್ಲು ಬೀಳಿಸುವವರಾಗಿ. ಮೂರು ವರ್ಷಕ್ಕೆ ಸೈನ್ಯದಿಂದ ಅವರಿಗೇ ಕರೆ ಬಂತು. ಕೊರಿಯಾ ಯುದ್ಧ ನಡೆಯುತ್ತಿತ್ತು. ಬೇಸಾಯಕ್ಕೆ ಬೇಕಾದವರು ಅಂತ ವಿನಾಯಿತಿ ಕೇಳಬಹುದಿತ್ತು, ಆದರೆ ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ಅಣ್ಣನಿಗೆ ಮದುವೆಯಾಗಿತ್ತು. ತಮ್ಮ ಹೊರಟರು. ಎರಡು ವರ್ಷ ಲಾರಿ ಓಡಿಸಿದರು.

ಇದೆಲ್ಲ ನನಗೆ ತಿಳಿದದ್ದು ಒಂದೇ ದಿನ ಅಲ್ಲ, ಇಪ್ಪತ್ತು ವರ್ಷಗಳಲ್ಲಿ ಚೂರು ಚೂರಾಗಿ. ಗೌಡ್ರು ಮಾತಿನವರಲ್ಲ. ನಾವು ಬಾಡಿಗೆಗೆ ಹಿಡಿದದ್ದು ಅವರ ಅಪ್ಪ ಅಮ್ಮ ಇದ್ದ ಹಳೇ ಮನೆ. ಅವರ ಮನೆಗೂ ನಮ್ಮ ಮನೆಗೂ ಅರ್ಧ ಮೈಲಿ, ನಡುವೆ ಮುಳ್ಳುತಂತಿ ಬೇಲಿ, ಒಂದು ಗಾಳಿಯಂತ್ರ. ಬೀಗದ ಕೈ ಕೊಡುವಾಗ ಹೇಳಿದ್ದು, "ಬೀಗ ಹಾಕಬೇಡಿ. ಯಾರಾದರೂ ಹಿಮದಲ್ಲಿ ಸಿಕ್ಕಿಕೊಂಡರೆ ಒಳಗೆ ಬರಬೇಕಾಗುತ್ತದೆ." ನಾನು ಮೊದಲ ವರ್ಷ ಪೂರ್ತಿ ಬೀಗ ಹಾಕಿದೆ. ಬೆಂಗಳೂರಲ್ಲಿ ನಾಲ್ಕು ವರ್ಷ ಇದ್ದು ಬಂದವಳು, ಏನು ಮಾಡಲಿ.

ದಾರಿಯಲ್ಲಿ ಎದುರು ಬಂದಾಗ ಸ್ಟೀರಿಂಗ್ ಮೇಲಿಂದ ಒಂದು ತೋರುಬೆರಳು ಎತ್ತುತ್ತಿದ್ದರು. ಅಷ್ಟೇ ನಮಸ್ಕಾರ. ಇಲ್ಲಿ ಎಲ್ಲರೂ ಹಾಗೇ. ಮೊದಲು ನನಗೆ ಅದು ಬೈಗುಳ ಇರಬಹುದೇನೋ ಅನ್ನಿಸಿತ್ತು. ನೀನೂ ಎತ್ತು. ಎತ್ತದಿದ್ದರೆ ಸೊಕ್ಕು ಅಂತ ತಿಳಿಯುತ್ತಾರೆ.

ಮೊದಲ ಚಳಿಗಾಲದಲ್ಲಿ ನಾನು ಕಾರನ್ನು ಚರಂಡಿಗೆ ಇಳಿಸಿದೆ. ಮಂಜುಗಟ್ಟಿದ ದಾರಿ, ನಾನು ಗಾಬರಿಯಲ್ಲಿ ಬ್ರೇಕ್ ಒತ್ತಿಬಿಟ್ಟೆ, ಕಾರು ತಟ್ಟೆಯ ಹಾಗೆ ತಿರುಗಿ ಹೋಗಿ ಮೂಗು ಹೂತುಕೊಂಡಿತು. ಇಪ್ಪತ್ತು ನಿಮಿಷಕ್ಕೆ ಗೌಡ್ರ ಪಿಕಪ್ ಬಂತು. ಇಳಿದರು, ಸರಪಳಿ ಕಟ್ಟಿದರು, ಎಳೆದರು. ಒಂದು ಮಾತಿಲ್ಲ. ನಾನು ಪರ್ಸ್ ತೆಗೆದು ಇಪ್ಪತ್ತು ಡಾಲರ್ ನೋಟು ಹಿಡಿದೆ. ಅವರು ಅದನ್ನು ನೋಡಿದ ರೀತಿ ಇವತ್ತಿಗೂ ನೆನಪಿದೆ. ಕೋಪ ಅಲ್ಲ. ನಮ್ಮ ಮನೆಯಲ್ಲಿ ಊಟ ಮಾಡಿ ಎದ್ದ ನೆಂಟರು ಎಲೆಯ ಪಕ್ಕ ದುಡ್ಡಿಟ್ಟರೆ ಅಮ್ಮನ ಮುಖ ಹೇಗಾಗುತ್ತದೋ ಹಾಗೆ. ಮರುದಿನ ನಮ್ಮ ಕಾರಿನ ಡಿಕ್ಕಿಯಲ್ಲಿ ಒಂದು ಉಣ್ಣೆ ಕಂಬಳಿ, ಸಲಿಕೆ, ಕಾಫಿ ಡಬ್ಬಿಯೊಳಗೆ ನಿಲ್ಲಿಸಿದ ಮೇಣದಬತ್ತಿ, ಬೆಂಕಿಪೊಟ್ಟಣ, ಎರಡು ಜೊತೆ ಒಣ ಕಾಲುಚೀಲ ಇದ್ದವು. ಕಾರಿಗೆ ಬೀಗ ಹಾಕಿರಲಿಲ್ಲವಲ್ಲ, ಇಟ್ಟು ಹೋಗಿದ್ದರು. ಕಾಲುಚೀಲ ಯಾಕೆ ಅಂತ ಆಮೇಲೆ ತಿಳಿಯಿತು. ಕೊರಿಯಾದಲ್ಲಿ ಒಂದು ರಾತ್ರಿ ಒದ್ದೆ ಕಾಲುಚೀಲದಲ್ಲಿ ಕೂತಿದ್ದಕ್ಕೆ ಎಡಗಾಲಿನ ಎರಡು ಬೆರಳು ಸತ್ತಿದ್ದವು. ನಡೆಯುವಾಗ ಸ್ವಲ್ಪ ಎಳೆಯುತ್ತಿದ್ದರು. ನೀನು ಬಂದ ಮೇಲೆ ಮಾಡುವ ಮೊದಲ ಕೆಲಸ ಇದು, ಕಾರಿನಲ್ಲಿ ಈ ಸಾಮಾನು ಇಡು.

ಕೊರಿಯಾದ ಮಾತು ಮೊದಲು ಬಂದದ್ದು ನಮ್ಮ ಕಾರಣದಿಂದಲೇ. ಬಂದ ಎರಡನೇ ವರ್ಷ. ಬೇಲಿ ಸರಿ ಮಾಡುತ್ತಿದ್ದವರು ನೀರು ಕುಡಿಯಲು ಬಂದು ನಿಂತುಕೊಂಡೇ ಹೇಳಿದರು, "ನಿಮ್ಮ ದೇಶದವರನ್ನು ನಾನು ನೋಡಿದ್ದೇನೆ. 1953ರಲ್ಲಿ. ಹೆಲಿಕಾಪ್ಟರ್‌ನಿಂದ ಇಳಿದರು." ನನಗೆ ತಲೆಬುಡ ಗೊತ್ತಾಗಲಿಲ್ಲ. ಕೊರಿಯಾದಲ್ಲಿ ನಮ್ಮವರಿಗೇನು ಕೆಲಸ? ಅವರೇ ಬಿಡಿಸಿ ಹೇಳಿದರು. ಕದನ ನಿಂತಿತ್ತು. ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ ಕೈದಿಗಳೇ 22,000ಕ್ಕಿಂತ ಜಾಸ್ತಿ. ಅವರನ್ನು ಕಾಯಲು, ವಿಚಾರಿಸಲು ಎರಡೂ ಕಡೆಯವರು ಒಪ್ಪಿದ ದೇಶ ಭಾರತ. ಆದರೆ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತದ ಸೈನಿಕರು ನನ್ನ ನೆಲದ ಮೇಲೆ ಕಾಲಿಡಕೂಡದು ಅಂದುಬಿಟ್ಟ. ಅದಕ್ಕೇ ಹಡಗಿನಿಂದ ಸೀದಾ ಹೆಲಿಕಾಪ್ಟರ್‌ನಲ್ಲಿ ಎತ್ತಿ ಗಡಿಯ ನಡುವಿನ ಜಾಗಕ್ಕೆ ಇಳಿಸಿದರು. ಗೌಡ್ರ ಲಾರಿ ಆಗ ಆ ಕಡೆ ಓಡಾಡುತ್ತಿತ್ತು. "ಪೇಟ ಕಟ್ಟಿದವರೂ ಇದ್ದರು. ನಿಮ್ಮ ಜನರಲ್ ಎತ್ತರದ ಆಳು. ಟಿಮಾಯಾ."

ತಿಮ್ಮಯ್ಯ! ಕೊಡಗಿನವರು, ಮಡಿಕೇರಿಯಲ್ಲಿ ಹುಟ್ಟಿದವರು. ಮುಂದೆ ನಮ್ಮ ಭೂಸೇನೆಯ ಮುಖ್ಯಸ್ಥರಾದರು ಅಂತಷ್ಟೇ ನನಗೆ ಗೊತ್ತಿತ್ತು. ಆ ಕೈದಿಗಳ ಆಯೋಗದ ಅಧ್ಯಕ್ಷರಾಗಿದ್ದರು ಅನ್ನುವುದನ್ನು ನನಗೆ ತಿಳಿಸಿದ್ದು ನೆಬ್ರಾಸ್ಕಾದ ದನ ಕಾಯುವವರು. ನಮ್ಮ ರಾಜ್ಯದವರೇ ಅವರು, ನಮ್ಮೂರಿಂದ ಒಂದು ಹಗಲಿನ ಬಸ್ ದಾರಿ ಅಂದೆ. ಗೌಡ್ರು ತಲೆಯಾಡಿಸಿದರು. ಲೋಟ ಕೆಳಗಿಟ್ಟು ಬೇಲಿಗೆ ಹೋದರು. ಆ ವಾರ ನಮ್ಮ ಮನೆಯ ಮೆಟ್ಟಿಲು ಮುರಿದದ್ದು ರಿಪೇರಿ ಆಯಿತು. ಎರಡು ತಿಂಗಳಿಂದ ಹೇಳಿದ್ದೆ.

2003ರಲ್ಲಿ ಅಮ್ಮ ಬಂದರು, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ನಮ್ಮದು ಅಜ್ಜಂಪುರದ ಹತ್ತಿರದ ಹಳ್ಳಿ. ಅಮೃತಮಹಲ್ ಕಾವಲು ಅಂದರೆ ನಿನಗೆ ಗೊತ್ತಿರಬೇಕು, ಮೈಸೂರು ಅರಸರ ಕಾಲದಿಂದ ಸೈನ್ಯದ ತೋಪು, ಸಾಮಾನು ಎಳೆಯಲು ದನ ಬೆಳೆಸಿದ ಜಾಗ. ಚಿಕ್ಕದೇವರಾಜರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದದ್ದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟವನು ಟಿಪ್ಪು. ನಮ್ಮ ಅಜ್ಜ ಅಲ್ಲಿ ದನ ಕಾಯುತ್ತಿದ್ದರು. ಅಂದಮೇಲೆ ಅಮ್ಮನಿಗೆ ದನ ಗೊತ್ತು, ದಂಡೂ ಸ್ವಲ್ಪ ಗೊತ್ತು. ಬಂದ ಮೂರನೇ ದಿನ ಬೇಲಿ ಹತ್ತಿರ ನಿಂತು ಗೌಡ್ರ ಹೆರೆಫರ್ಡ್ ಹಸುಗಳನ್ನು ನೋಡಿ, "ಕೋಡೂ ಇಲ್ಲ, ಹಿಣಿಲೂ ಇಲ್ಲ, ಇವೇನು ಎಮ್ಮೆಗೆ ಬಣ್ಣ ಬಳಿದಿದ್ದಾರಾ" ಅಂದರು.

ಈಯುವ ಕಾಲದ ಕೊನೆಯ ದಿನಗಳು. ಒಂದು ಕಡಸು ಮೊದಲ ಸಲ ಈದು ಕರುವನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಮಳೆ, ಗಾಳಿ, ಕರು ಒದ್ದೆಯಾಗಿ ಮುದುರಿ ಬಿದ್ದಿತ್ತು. ಗೌಡ್ರು ಒಂದು ಕಡೆಯಿಂದ ಬಗ್ಗಿದರು, ಅಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಇನ್ನೊಂದು ಕಡೆಯಿಂದ. ಇಬ್ಬರೂ ಒಟ್ಟಿಗೇ ಕರುವಿನ ಬಾಯಿಗೆ ಬೆರಳು ಹಾಕಲು ಹೋದರು. ಕೈಗೆ ಕೈ ತಾಗಿತು. ಬಾಯೊಳಗೆ ಬಿಸಿ ಇದೆಯಾ ಅಂತ ನೋಡುವುದು ಅದು. ತಣ್ಣಗಿದ್ದರೆ ಕರು ಹೋಗುವ ದಾರಿಯಲ್ಲಿದೆ ಅಂತ ಅರ್ಥ. ಗೌಡ್ರು ಕೈ ಹಿಂದೆ ತೆಗೆದುಕೊಂಡು, ನೀವೇ ನೋಡಿ ಅನ್ನುವ ಹಾಗೆ ಟೊಪ್ಪಿ ಅಲ್ಲಾಡಿಸಿದರು. ಅಮ್ಮ ನೋಡಿ, "ಇದೆ, ಬೆಚ್ಚಗಿದೆ" ಅಂದರು ಕನ್ನಡದಲ್ಲಿ. ಗೌಡ್ರಿಗೆ ಅರ್ಥವಾಯಿತು. ಅವತ್ತಿನಿಂದ ಆರು ತಿಂಗಳು ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿಕೊಂಡರು. ನಾನು ಅನುವಾದ ಮಾಡಲು ಹೋದರೆ ಇಬ್ಬರಿಗೂ ಕಿರಿಕಿರಿ.

ಆ ಕರುವಿಗೆ ಕುಡಿಸಲು ಗೌಡ್ರು ತಮ್ಮ ಫ್ರೀಜರ್‌ನಿಂದ ಒಂದು ಗಟ್ಟಿಯಾದ ಹಳದಿ ಚೀಲ ತೆಗೆದರು. ಕರು ಹಾಕಿದ ಹಸುವಿನ ಮೊದಲ ಹಾಲು. ಡೈರಿಯವರಿಂದ ತಂದು ಕೂಡಿಟ್ಟುಕೊಂಡಿರುತ್ತಾರೆ, ತಾಯಿ ಕೊಡದಿದ್ದಾಗ ಬೇಕಾಗುತ್ತದೆ ಅಂತ. ಅಮ್ಮ ಅದನ್ನು ನೋಡಿದ್ದೇ ತಡ, "ಅಯ್ಯೋ, ಗಿಣ್ಣು ಹಾಲು ಕಣೇ!" ಇನ್ನೂ ನಾಲ್ಕೈದು ಚೀಲ ಇತ್ತು. ಒಂದು ಕೇಳು ಅಂತ ನನ್ನ ಜೀವ ತಿಂದರು. ಕೇಳಿದೆ. ಯಾವ ಕರುವಿಗೆ ಅಂದರು ಗೌಡ್ರು. ನಮಗೇ ಅಂದೆ. ಸಂಜೆ ಅಮ್ಮ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ, ಚೌಕ ಚೌಕವಾಗಿ ಕತ್ತರಿಸಿ, ತಟ್ಟೆಯಲ್ಲಿ ಮುಚ್ಚಿಕೊಂಡು ಅವರ ಮನೆಗೆ ಹೊರಟರು. ಗೌಡ್ರು ಒಂದು ತುಂಡು ಬಾಯಿಗಿಟ್ಟರು. ಸ್ವಲ್ಪ ಹೊತ್ತು ಅಗಿಯಲಿಲ್ಲ. ಆಮೇಲೆ ಹೆಂಡತಿ ಕಡೆ ತಿರುಗಿ, "ಐವತ್ತು ವರ್ಷ ಇದನ್ನು ಬರೀ ಕರುಗಳಿಗೆ ಕುಡಿಸಿದೆವಲ್ಲೇ" ಅಂದರು. ಇನ್ನೂ ಮೂರು ತಿಂದರು.

ಅಮ್ಮ ಅವರ ಕಾಲಿಗೆ ಅಂತ ಹರಳೆಣ್ಣೆಯ ಬಾಟಲಿ ಕೂಡ ಕೊಟ್ಟಿದ್ದರು. ಅದನ್ನು ಆಮೇಲೆ ಕೊಟ್ಟಿಗೆಯಲ್ಲಿ ನೋಡಿದೆ, ಜೀನಿನ ಚರ್ಮಕ್ಕೆ ಹಚ್ಚುತ್ತಿದ್ದರು. ಅಮ್ಮನಿಗೆ ಹೇಳಲಿಲ್ಲ.

ಮೇ ತಿಂಗಳಲ್ಲಿ ಬ್ರ್ಯಾಂಡಿಂಗ್. ಕರುಗಳಿಗೆ ಮನೆತನದ ಗುರುತು ಹಾಕುವುದು. ಕಾದ ಕಬ್ಬಿಣದಿಂದ ಬರೆ ಹಾಕುತ್ತಾರೆ, ಲಸಿಕೆ ಚುಚ್ಚುತ್ತಾರೆ, ಹೋರಿಗರುಗಳ ಬೀಜ ತೆಗೆಯುತ್ತಾರೆ. ಹೊಗೆ, ಕೂದಲು ಸುಟ್ಟ ವಾಸನೆ, ನೂರಾರು ಕರುಗಳ ಕೂಗು. ನಾನು ಮೊದಲ ಸಲ ಕಾರಿನಲ್ಲೇ ಕೂತಿದ್ದೆ. ಅಮ್ಮ ಇಳಿದು ಹೋಗಿ ನೋಡಿ ಬಂದು, "ಮಾಧ್ವರ ಮುದ್ರಾಧಾರಣೆ ಇದ್ದ ಹಾಗೆ ಇದೆ, ಸ್ವಲ್ಪ ಜೋರು" ಅಂದರು. ಆದರೆ ಅವರು ಗಮನಿಸಿದ್ದು ಬೇರೆ. ಅಷ್ಟು ಜನ ಎಲ್ಲಿಂದ ಬಂದರು? ಸುತ್ತಲಿನ ಹತ್ತು ಹನ್ನೆರಡು ಮನೆಯವರು, ತಮ್ಮ ಕುದುರೆ, ತಮ್ಮ ಹಗ್ಗ ತಂದಿದ್ದರು. ಯಾರಿಗೂ ಕೂಲಿ ಇಲ್ಲ. ಮುಂದಿನ ಶನಿವಾರ ಇನ್ನೊಬ್ಬರ ಮನೆಯಲ್ಲಿ, ಅಲ್ಲಿಗೆ ಇವರೆಲ್ಲ ಹೋಗುತ್ತಾರೆ. "ಮುಯ್ಯಾಳು ಕಣೇ ಇದು" ಅಂದರು ಅಮ್ಮ. ಹೌದು, ಅದೇ. ನಾಟಿ ಕಾಲದಲ್ಲಿ ನಮ್ಮ ಹೊಲಕ್ಕೆ ನೀವು, ನಿಮ್ಮ ಹೊಲಕ್ಕೆ ನಾವು. ಐದು ವರ್ಷ ಇದ್ದ ನನಗೆ ಹೊಳೆಯದ್ದು ಅಮ್ಮನಿಗೆ ಒಂದು ತಿಂಗಳಲ್ಲಿ ಹೊಳೆಯಿತು. ನಾನು ಯಾರಾದರೂ ಕರೆಯಲಿ ಅಂತ ಕಾಯುತ್ತಿದ್ದೆ. ಮುಯ್ಯಾಳಿಗೆ ಯಾರಾದರೂ ಕರೆಯೋಲೆ ಕೊಡುತ್ತಾರಾ? ಆ ವರ್ಷದಿಂದ ನಾನು ಹೋಗಲು ಶುರು ಮಾಡಿದೆ. ಲಸಿಕೆಯ ಸಿರಿಂಜ್ ತುಂಬಿಸಿಕೊಡುವುದು ನನ್ನ ಕೆಲಸ. ಊಟಕ್ಕೆ ಅವರದ್ದೆಲ್ಲ ಮಾಂಸ. ನಾನು ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಒಯ್ಯುತ್ತೇನೆ, ಪಾತ್ರೆ ಖಾಲಿಯಾಗಿ ವಾಪಸ್ ಬರುತ್ತದೆ. ತಿನ್ನು ಅಂತ ಒಬ್ಬರೂ ಬಲವಂತ ಮಾಡಿಲ್ಲ, ಯಾಕೆ ತಿನ್ನಲ್ಲ ಅಂತಲೂ ಕೇಳಿಲ್ಲ.

ಇನ್ನು ನಿನ್ನ ನಾಲ್ಕನೇ ಪ್ರಶ್ನೆ. ಸುಳ್ಳು ಹೇಳಲಾರೆ. ಅಕ್ಟೋಬರ್ ಬರುತ್ತದೆ. ಕರುಗಳನ್ನು ತಾಯಿಯಿಂದ ಬೇರೆ ಮಾಡಿ ಲಾರಿಗೆ ತುಂಬುತ್ತಾರೆ, ದನದ ಹರಾಜಿಗೆ. ಆಮೇಲೆ ಮೂರು ದಿನ ಮೂರು ರಾತ್ರಿ ಹಸುಗಳು ಬೇಲಿಗೆ ಎದೆಯೊಡ್ಡಿ ಕೂಗುತ್ತವೆ. ಕಿಟಕಿ ಮುಚ್ಚಿದರೂ ಕೇಳುತ್ತದೆ. ಅಮ್ಮ ಎರಡನೇ ರಾತ್ರಿ ತಡೆಯಲಾರದೆ ಶಾಲು ಹೊದ್ದು ಗೌಡ್ರ ಮನೆಗೆ ನಡೆದೇಬಿಟ್ಟರು, ನಾನು ಹಿಂದೆ ಟಾರ್ಚ್ ಹಿಡಿದು ಓಡಿದೆ. ಬಾಗಿಲು ತೆಗೆದ ಗೌಡ್ರಿಗೆ ಹತ್ತು ನಿಮಿಷ ಬೈದರು. "ಏನ್ ಗೌಡ್ರೇ, ನಿಮಗೆ ಹೊಟ್ಟೆ ಉರಿಯಲ್ವಾ? ಬೆರಳಿಟ್ಟು ಬದುಕಿಸಿದ ಕರು ಅಲ್ವೇನ್ರೀ ಅದು?" ಗೌಡ್ರು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ಪೂರ್ತಿ ಕೇಳಿದರು. ನಾನು ಅನುವಾದ ಮಾಡಲೋ ಬೇಡವೋ ಅಂತ ನಿಂತಿದ್ದೆ. "ಬೇಡ, ಗೊತ್ತಾಯಿತು" ಅಂದರು. "ಅವರಿಗೆ ಹೇಳು, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ." ಪಿಕಪ್‌ನಲ್ಲಿ ಕೂರಿಸಿ ನಮ್ಮನ್ನು ಮನೆಗೆ ಬಿಟ್ಟರು. ಮುಂದಿನ ವರ್ಷವೂ ಕರು ಮಾರಿದರು. ಅದೇ ಅವರ ವರ್ಷದ ದುಡಿಮೆ, ಬೇರೆ ಆದಾಯ ಇಲ್ಲ. ಆ ಕೂಗು ನನಗೆ ಪೂರ್ತಿ ಒಗ್ಗಿದೆ ಅಂತ ಹೇಳಲಾರೆ. ಆ ವಾರ ನಾನು ಒಮಾಹಾದ ಗೆಳತಿ ಮನೆಗೆ ಹೋಗಿಬಿಡುತ್ತೇನೆ.

ಗೌಡ್ರನ್ನು ದೇವರು ಮಾಡುವುದು ನನಗಿಷ್ಟವಿಲ್ಲ. ಅವರ ರಾಜಕೀಯ ನನ್ನದಲ್ಲ, ನಾವಿಬ್ಬರೂ ಆ ಕಡೆ ಮಾತು ಬೆಳೆಸಲಿಲ್ಲ. ಒಮ್ಮೆ ಕೇಳಿದರು, "ನಿಮ್ಮಲ್ಲಿ ದನ ರಸ್ತೆ ನಡುವೆ ಮಲಗುತ್ತವಂತೆ. ಯಾರ ಗುರುತು ಇರುತ್ತದೆ ಅವುಗಳ ಮೇಲೆ?" ಯಾರದೂ ಇಲ್ಲ ಅಂದೆ. ಯಾರದೂ ಅಲ್ಲದ ದನ ಅನ್ನುವುದು ಅವರ ತಲೆಗೆ ಹೋಗಲೇ ಇಲ್ಲ. ಕೊನೆಗಾಲದವರೆಗೂ ನಾನು ಏನೋ ಮುಚ್ಚಿಡುತ್ತಿದ್ದೇನೆ ಅಂತ ಅನುಮಾನ ಇತ್ತು.

ಮಗನ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಆ ಹುಡುಗನ ಶಾಲೆಯ ಒಂದು ಆಟವನ್ನೂ ನೋಡಲು ಹೋದವರಲ್ಲ. ಯಾವಾಗಲೂ ಒಂದು ಬೇಲಿ, ಒಂದು ಬಣವೆ, ಒಂದು ಹೆಪ್ಪುಗಟ್ಟಿದ ನೀರಿನ ತೊಟ್ಟಿ. ಹದಿನೆಂಟಕ್ಕೆ ಮಗ ಡೆನ್ವರ್‌ಗೆ ಹೋಗಿ ಅಲ್ಲೇ ಉಳಿದ. "ನನಗೆ ಬರುತ್ತಿದ್ದದ್ದು ಅದೊಂದೇ" ಅಂದರು ಒಂದು ದಿನ, ಯಾರೂ ಕೇಳಿರಲಿಲ್ಲ. ಪತ್ರಿಕೆಯವರು ಹೊಗಳಿದ್ದಾರಲ್ಲ, ಕಷ್ಟಪಟ್ಟು ದುಡಿಯುವವರು ಅಂತ, ಅದರ ಬೆಲೆ ಅದು. ಹೆಂಡತಿಗೆ ಕಾಯಿಲೆ ಆದಾಗ ಮಗ ಬಂದ. ಆಮೇಲೆ ಮೊಮ್ಮಗನೇ ರ‍್ಯಾಂಚ್‌ಗೆ ಬಂದು ನಿಂತ, ಅದು ಬೇರೆ ಮಾತು.

ಸೈನ್ಯದ ವಿಷಯದಲ್ಲಿ ಅವರು ತಪ್ಪದೆ ಮಾಡುತ್ತಿದ್ದದ್ದು ಎರಡೇ. ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ. ಬೆಳಿಗ್ಗೆಯೇ ಹೋಗಿ ಸೈನಿಕರ ಸಮಾಧಿಗಳಿಗೆ ಸಣ್ಣ ಬಾವುಟ ಚುಚ್ಚುತ್ತಿದ್ದರು. ಇನ್ನೊಂದು, ಊರಿನಲ್ಲಿ ಯಾವ ಮಾಜಿ ಸೈನಿಕ ತೀರಿಕೊಂಡರೂ ಬಂದೂಕು ಹಿಡಿದು ಸಾಲಿನಲ್ಲಿ ನಿಲ್ಲುವುದು. ಅಮೆರಿಕನ್ ಲೀಜನ್ ಅಂತ ಮಾಜಿ ಸೈನಿಕರ ಸಂಘ ಇದೆ, ಎಲ್ಲ ಸಣ್ಣ ಊರಲ್ಲೂ. ಎಪ್ಪತ್ತು ಎಂಬತ್ತರ ಮುದುಕರು, ಟೊಪ್ಪಿ ಇಟ್ಟು, ಹಿಮದಲ್ಲಿ ನಿಂತು ಮೂರು ಸುತ್ತು ಹಾರಿಸುತ್ತಾರೆ. ಗೌಡ್ರು ಹಾಗೆ ಎಷ್ಟು ಜನರಿಗೆ ಹಾರಿಸಿದ್ದರೋ. ಕೊನೆಗೆ ಅವರ ಸರದಿ ಬಂದಾಗ ಸಾಲಿನಲ್ಲಿ ಐದೇ ಜನ ಉಳಿದಿದ್ದರು.

ಮಾರ್ಚ್ ಮೊದಲ ವಾರ ಹೋದರು. ನಿದ್ದೆಯಲ್ಲಿ. ಈಯುವ ಕಾಲ ಜೋರಾಗಿತ್ತು. ಮಣ್ಣು ಮಾಡುವ ಹೊತ್ತಿನಲ್ಲೂ ಇಬ್ಬರು ಪಕ್ಕದ ಮನೆಯವರು ಅವರ ಹಸುಗಳ ಹತ್ತಿರ ಇದ್ದರು, ಸಮಾಧಿಗೆ ಬರಲಿಲ್ಲ. ಅದನ್ನು ಯಾರೂ ತಪ್ಪು ತಿಳಿಯಲಿಲ್ಲ. ಇಲ್ಲಿ ಸೈನ್ಯದಲ್ಲಿದ್ದವರಿಗೆ ಮರ್ಯಾದೆ ಕಾನೂನಿನಲ್ಲೇ ಇದೆ. ಮನೆಯವರು ಕೇಳಿದರೆ ಸಮವಸ್ತ್ರ ಹಾಕಿದ ಇಬ್ಬರಾದರೂ ಬರಲೇಬೇಕು, ಬಾವುಟ ಮಡಚಿ ಕೊಡಬೇಕು, ಟ್ಯಾಪ್ಸ್ ಅನ್ನುವ ಕಹಳೆಯ ರಾಗ ನುಡಿಸಬೇಕು. ಬಂದವರು ಇಪ್ಪತ್ತರ ಹುಡುಗ, ಹುಡುಗಿ. ಗಾಳಿಗೆ ಬಾವುಟ ಪಟಪಟ ಬಡಿಯುತ್ತಿತ್ತು, ಅವರು ಅವಸರ ಮಾಡಲಿಲ್ಲ. ಹದಿಮೂರು ಮಡಿಕೆ. ಕೊನೆಗೆ ನೀಲಿ, ನಕ್ಷತ್ರಗಳು ಮಾತ್ರ ಕಾಣುವ ತ್ರಿಕೋನ. ಹುಡುಗಿ ಮಂಡಿಯೂರಿ ಅದನ್ನು ಮಗನ ಕೈಗೆ ಕೊಟ್ಟು, ದೇಶದ ಪರವಾಗಿ ಅಂತ ಮೆಲ್ಲಗೆ ಹೇಳಿದಳು. ಕಹಳೆ ಊದುವವರು ಈಗ ಕಡಿಮೆ, ಎಷ್ಟೋ ಕಡೆ ಕಹಳೆಯೊಳಗೆ ಯಂತ್ರ ಇಟ್ಟು ರೆಕಾರ್ಡ್ ಹಾಕುತ್ತಾರೆ. ನಮ್ಮೂರಲ್ಲಿ ಹೈಸ್ಕೂಲ್ ಹುಡುಗನೊಬ್ಬ ಊದಿದ. ಚಳಿಗೆ ತುಟಿ ಹಿತ್ತಾಳೆಗೆ ಅಂಟುತ್ತದೆ ಅಂತ ಕಹಳೆಯ ಬಾಯಿಯನ್ನು ಕೋಟಿನೊಳಗೆ ಕಂಕುಳಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದ. ಇಪ್ಪತ್ನಾಲ್ಕು ಸ್ವರ. ಒಂದು ಸ್ವರ ಒಡೆಯಿತು. ಪರವಾಗಿಲ್ಲ.

ನಾಲ್ಕೇ ದಿನ. 13ನೇ ತಾರೀಕು ಬಿರುಗಾಳಿ ಬಂತು. ಬಾಂಬ್ ಸೈಕ್ಲೋನ್ ಅಂತ ಟಿವಿಯಲ್ಲಿ ಹೇಳುತ್ತಿದ್ದರು. ಮೊದಲು ಮಳೆ, ಆಮೇಲೆ ಅದೇ ಮಳೆ ಹಿಮವಾಗಿ ಅಡ್ಡ ಬೀಸಿತು. ಪೂರ್ವಕ್ಕೆ ನದಿಗಳು ಉಕ್ಕಿ, ನಯೊಬ್ರಾರಾ ನದಿಯ ಸ್ಪೆನ್ಸರ್ ಅಣೆಕಟ್ಟು 14ರ ಬೆಳಗಿನ ಜಾವ ಒಡೆದೇ ಹೋಯಿತು. ನಮ್ಮಲ್ಲಿ ಕರೆಂಟ್ ಹೋಯಿತು, ನಮ್ಮನೆಯವರು ಆಸ್ಪತ್ರೆಯಲ್ಲೇ ಸಿಕ್ಕಿಕೊಂಡರು. ರಾತ್ರಿ ಎರಡು ಗಂಟೆಗೆ ಬಾಗಿಲು ತಾನಾಗಿ ತೆರೆಯಿತು. ಬೀಗ ಹಾಕುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತಲ್ಲ. ಮೊಮ್ಮಗ, ಮೈತುಂಬ ಹಿಮ, ಹೆಗಲ ಮೇಲೆ ಕರು. "ಅಲ್ಲಿ ಜಾಗ ಇಲ್ಲ. ಅಡುಗೆಮನೆಯಲ್ಲಿ ಮೂರು ಇವೆ" ಅಂದ. ಕರುವನ್ನು ನನ್ನ ಕೈಗೆ ಕೊಟ್ಟು, ಹಳದಿ ಚೀಲ ಒಂದನ್ನು ಮೇಜಿನ ಮೇಲಿಟ್ಟು ಹೋಗಿಯೇಬಿಟ್ಟ. ಹೇಗೆ ಏನು ಅಂತ ಒಂದು ಮಾತು ಹೇಳಲಿಲ್ಲ. ಥೇಟ್ ಅಜ್ಜನೇ.

ಬಾಯಿಗೆ ಬೆರಳಿಟ್ಟೆ. ತಣ್ಣಗಿತ್ತು.

ಗ್ಯಾಸ್ ಗೀಸರ್ ಇತ್ತು, ಬಿಸಿನೀರು ಬಂತು. ಟಬ್‌ಗೆ ನೀರು ಬಿಟ್ಟು, ಮೊಣಕೈ ಅದ್ದಿ ನೋಡಿ, ಮಗುವಿಗೆ ನೀರು ಹಾಕುವಾಗ ನೋಡುತ್ತೇವಲ್ಲ ಹಾಗೆ, ಕರುವನ್ನು ಮುಳುಗಿಸಿ ತಲೆ ಹಿಡಿದು ಕೂತೆ. ಮೇಣದಬತ್ತಿ ಕಾಫಿ ಡಬ್ಬಿಯದ್ದೇ. ಮುಕ್ಕಾಲು ಗಂಟೆಗೆ ಕಾಲು ಅಲ್ಲಾಡಿತು. ಮನೆಯ ಟವೆಲ್ಲೆಲ್ಲ ತಂದು ಉಜ್ಜಿದೆ, ಮದುವೆಯಲ್ಲಿ ಬಂದ ಶಾಲನ್ನೂ ಸೇರಿಸಿ. ಗಿಣ್ಣು ಹಾಲನ್ನು ಬಿಸಿನೀರಲ್ಲಿಟ್ಟು ಕರಗಿಸಿ ಬಾಟಲಿಗೆ ಹಾಕಿದೆ. ಮೊದಲು ಕುಡಿಯಲಿಲ್ಲ. ಬೆರಳಿಗೆ ಹಚ್ಚಿ ಬಾಯೊಳಗಿಟ್ಟೆ, ಆಗ ನಾಲಿಗೆ ಸುತ್ತಿಕೊಂಡಿತು. ಬೆಳಿಗ್ಗೆ ಆರಕ್ಕೆ ಎದ್ದು ನಿಲ್ಲಲು ಹೋಗಿ ಟೈಲ್ಸ್ ಮೇಲೆ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಜಾರಿತು. ಒಂಬತ್ತಕ್ಕೆ ಬಚ್ಚಲಿನ ಪರದೆಯನ್ನು ಅರ್ಧ ತಿಂದಿತ್ತು.

ಮೊಮ್ಮಗ ಬಂದು ಕರೆದುಕೊಂಡು ಹೋದ. ಥ್ಯಾಂಕ್ಸ್ ಹೇಳಲಿಲ್ಲ, ನಾನೂ ನಿರೀಕ್ಷಿಸಲಿಲ್ಲ. ಒಂದು ವಾರದ ನಂತರ ಬಚ್ಚಲಿಗೆ ಹೊಸ ಪರದೆ ಬಂತು, ದನಗಳ ಚಿತ್ರ ಇರುವುದು. ಈಗಲೂ ಅದೇ ಇದೆ, ಬಂದಾಗ ನೋಡುವೆಯಂತೆ.

ಜುಲೈನಲ್ಲಿ ಬರುತ್ತೀರಿ ಅಂದಿದ್ದೀಯ. ಒಳ್ಳೆಯದು, ಹುಲ್ಲು ಕೊಯ್ಯುವ ಕಾಲ, ದಿನ ದೊಡ್ಡದಿರುತ್ತದೆ, ಚಳಿಗೆ ಮೊದಲು ದಾರಿಗಳೆಲ್ಲ ಪರಿಚಯವಾಗುತ್ತವೆ. ಬೂಟು ಅಲ್ಲಿ ಕೊಳ್ಳಬೇಡ, ಇಲ್ಲಿ ನಾನು ಜೊತೆಗೆ ಬರುತ್ತೇನೆ. ಮುಂದಿನ ಮೇ ತಿಂಗಳ ಎರಡನೇ ಶನಿವಾರ ಮೊಮ್ಮಗನ ಬ್ರ್ಯಾಂಡಿಂಗ್. ನಿನ್ನನ್ನು ಯಾರೂ ಕರೆಯುವುದಿಲ್ಲ, ಬೆಳಿಗ್ಗೆ ಆರಕ್ಕೆ ರೆಡಿಯಾಗಿರು. ಚಿತ್ರಾನ್ನ ನನ್ನದು, ಮೊಸರನ್ನ ನೀನು ತಾ. ಊರಿಂದ ಯಾರಾದರೂ ಬರುವವರಿದ್ದರೆ ಏಲಕ್ಕಿ ತರಿಸು, ಇಲ್ಲಿ ಸಿಗುವುದರಲ್ಲಿ ಘಮ ಇಲ್ಲ. ಬೆಲ್ಲ ನನ್ನ ಹತ್ತಿರ ಇದೆ.